ಮಿದುಳು ಓದಿದವರಿಗೆ ಹುದ್ದೆ ಎಲ್ಲಿ?

ಮಾನ್ಯರೆ,

ನಿಮ್ಹಾನ್ಸ್‌ನ ಮಿದುಳು ವಸ್ತುಸಂಗ್ರಹಾಲಯದಲ್ಲಿ ನಿಜವಾದ ಮಿದುಳನ್ನೇ ಕೈಯಲ್ಲಿ ಹಿಡಿದು ನೋಡಬಹುದು. ಅದನ್ನು ಕಂಡು ಈ ವಿಷಯವನ್ನೇ ಓದಬೇಕೆಂದು ಹಟ ಹಿಡಿಯುವ ಮಕ್ಕಳಿದ್ದಾರೆ. ಅವಕಾಶಕ್ಕೂ ಬೆಂಗಳೂರಿನಲ್ಲಿ ಬರವಿಲ್ಲ: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವಿದೆ, ಅದೇ ಆವರಣದಲ್ಲಿ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಅವರು 1988ರಲ್ಲಿ ಕಟ್ಟಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಂದರೆ ಎನ್‌ಐಎಎಸ್‌ನಲ್ಲಿ ಪ್ರಜ್ಞೆಯ ಕುರಿತ ಅಧ್ಯಯನ ನಡೆದಿದೆ. ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ಮಿದುಳಿಗೆ ವಯಸ್ಸಾಗುವ ಬಗೆಯನ್ನು ವರ್ಷಗಟ್ಟಲೆ ಗಮನಿಸುತ್ತಿದ್ದಾರೆ.

ತೊಡಕಿರುವುದು ಓದು ಮುಗಿದ ಮೇಲೆ. ನನ್ನ ತಂಗಿಯ ಮಗ ಎಲೆಕ್ಟ್ರಾನಿಕ್ಸ್ ಬಿ.ಇ. ಮಾಡಿ, ಮಿದುಳಿನ ವಿದ್ಯುತ್ ಸಂಕೇತಗಳ ಮೇಲೆ ಪಿಎಚ್.ಡಿ. ಪಡೆದ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದರೆ ಎಂಜಿನಿಯರಿಂಗ್ ಕಾಲೇಜಿನವರು ‘ಇದು ಜೀವಶಾಸ್ತ್ರ’ ಎಂದರು, ಜೀವಶಾಸ್ತ್ರ ವಿಭಾಗದವರು ‘ನೀವು ಎಂಜಿನಿಯರ್’ ಎಂದರು. ‘ಸಂಬಂಧಪಟ್ಟ ವಿಷಯ’ದ ಪದವಿ ಎಂಬ ಒಂದು ಸಾಲು ಸಾಕು, ಅರ್ಜಿ ಮೊದಲ ಸುತ್ತಿನಲ್ಲೇ ಕಸದಬುಟ್ಟಿಗೆ! ಮನಸ್ಸಿನ ತತ್ತ್ವಶಾಸ್ತ್ರ ಓದಿದವರ ಪಾಡು ಇನ್ನೂ ಕಷ್ಟ. ನಮ್ಮ ಎಷ್ಟು ಕಾಲೇಜುಗಳಲ್ಲಿ ತತ್ತ್ವಶಾಸ್ತ್ರ ವಿಭಾಗ ಉಳಿದಿದೆ?

ಕಿರಿಯ ಸಂಶೋಧಕರ ಮಾಸಿಕ ಫೆಲೋಶಿಪ್ 2023ರಲ್ಲಿ 31,000ದಿಂದ 37,000 ರೂಪಾಯಿಗೆ ಏರಿತು. ಸಂತೋಷವೇ. ಆದರೆ ಐದಾರು ವರ್ಷ ಬೆಂಗಳೂರಿನ ಬಾಡಿಗೆ ಕಟ್ಟಿ ಹೊರಬಂದವರಿಗೆ ಕಾಣುವುದು ವಿದೇಶ, ಇಲ್ಲವೇ ಸಾಫ್ಟ್‌ವೇರ್ ಕಂಪನಿ. ನಮ್ಮ ವಿಶ್ವವಿದ್ಯಾಲಯಗಳು ಎರಡು ವಿಭಾಗಗಳು ಹಂಚಿಕೊಳ್ಳುವ ಜಂಟಿ ಹುದ್ದೆಗಳನ್ನು ಸೃಷ್ಟಿಸಲಿ. ಅರ್ಜಿ ಪರಿಶೀಲಿಸುವವರು ಪದವಿಯ ಹೆಸರಿನ ಜತೆಗೆ ಪ್ರಬಂಧವನ್ನೂ ತೆರೆದು ನೋಡಲಿ.

– ನಿವೃತ್ತ ಉಪನ್ಯಾಸಕ, ತುಮಕೂರು