ಶಾಸಕರೇ, ಕಲ್ಲಿನ ರಥದ ಕಲರ್ ಪ್ರಿಂಟ್ ಇನ್ನು ಸಾಕು ಮಾಡೋಣ

ಕೊಪ್ಪಳ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ ಸಾಹೇಬರೇ. ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಹತ್ತಿರದಲ್ಲೇ ಎರಡು ಶಾಲೆ. ಪ್ರಾಜೆಕ್ಟ್ ಕೊಡುವ ವಾರ ಬಂತೆಂದರೆ ಅಂಗಡಿ ಮುಂದೆ ಮಕ್ಕಳ ಸಾಲು. ‘ಅಂಕಲ್, ವಿಜಯನಗರ ಕೊಡ್ರಿ’ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಅದೇ ಹಳೇ ಫೈಲ್ ತೆಗೆಯುತ್ತೇನೆ. ಕಲ್ಲಿನ ರಥ, ಕೃಷ್ಣದೇವರಾಯ, ಕಮಲ ಮಹಲ್. ಪ್ರಿಂಟಿಗೆ 10 ರೂಪಾಯಿ. ಕತ್ತರಿಸಿ, ಅಂಟಿಸಿ, ಸುತ್ತ ಸ್ಕೆಚ್ ಪೆನ್ನಿನ ಗೆರೆ ಎಳೆದು ಒಪ್ಪಿಸಿದರೆ ಮುಗಿಯಿತು. ನನ್ನ ಮಗಳೂ ಹಾಗೇ ಮಾಡಿದಳು, ಪೂರ್ತಿ ಮಾರ್ಕ್ಸ್ ಬಂತು. ಕೃಷ್ಣದೇವರಾಯ ಯಾವಾಗ ಇದ್ದನಮ್ಮಾ ಅಂದರೆ ‘ಭಾಳ ಹಿಂದೆ’ ಅಂದಳು.

ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಳ್ಳುವ ಮಾತಿದು, ಗೊತ್ತು. ಆದರೂ ಬರೆಯುತ್ತಿದ್ದೇನೆ.

ಹೋದ ದಸರಾ ರಜೆಯಲ್ಲಿ ಮಗಳನ್ನು ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳಕ್ಕೆ ಕರೆದುಕೊಂಡು ಹೋಗಿದ್ದೆ. ಆ ಗೊಂಬೆ ಮಾಡುವ ಚಿತ್ರಗಾರರ ಮನೆಯ ಕಟ್ಟೆ ಮೇಲೆ ಒಬ್ಬ ಗರುಡ ಕೂತಿದ್ದ, ಇನ್ನೂ ಬಣ್ಣ ಕಾಣದವ. ಹಗುರ ಮರ, ಎತ್ತಿದರೆ ತೂಕವೇ ಇಲ್ಲ. ರೆಕ್ಕೆ ಬೇರೆ, ಮೈ ಬೇರೆ ಕೆತ್ತಿ ಕೂಡಿಸುತ್ತಾರೆ. ಅಂಟು ಯಾವುದು ಅಂದರೆ ಹುಣಸೆ ಬೀಜದ್ದು, ನಾವು ತಿಪ್ಪೆಗೆ ಎಸೆಯುವುದು! ಕೂಡಿಸಿದ ಕಡೆ ಬಟ್ಟೆ ಚೂರು ಮೆತ್ತಿ, ಮೇಲೆ ಕಲ್ಲಿನ ಪುಡಿಯ ಬಿಳಿ ಲೇಪ ಕೊಟ್ಟು, ಒಣಗಿದ ಮೇಲೆ ಬಣ್ಣ. ಅಲ್ಲಿದ್ದ ಹಿರಿಯರು ಮಗಳ ಕೈಗೂ ಒಂದು ಚೂರು ಕೊಟ್ಟರು. ಅವಳು ಮೆತ್ತಿದ್ದು ಪೂರಿಯ ಹಾಗೆ ಉಬ್ಬಿಕೊಂಡಿತು. ಅವರು ಏನೂ ಅನ್ನಲಿಲ್ಲ. ಹೆಬ್ಬೆರಳಿನಲ್ಲಿ ನಡುವಿನಿಂದ ಅಂಚಿಗೆ ಒತ್ತಿ ಗಾಳಿ ಹೊರಗೆ ಹಾಕಿ ತೋರಿಸಿದರು. ಕೆಲಸ ಮಾಡುತ್ತಲೇ, ತಮ್ಮ ಹಿರಿಯರು ಹಂಪಿಯ ವಿರೂಪಾಕ್ಷ ಗುಡಿಯ ಛತ್ತಿಗೆ ಚಿತ್ರ ಬರೆದವರು ಅಂತ ಮನೆತನದ ಮಾತು ಹೇಳಿದರು. ಮಗಳು ಕೂಡಲೇ, ‘ಮತ್ತ ಇಲ್ಲಿಗ್ಯಾಕ ಬಂದ್ರಿ ಅಜ್ಜಾ?’ ಅಂದಳು.

ಸಾಹೇಬರೇ, ವಿಜಯನಗರ ಸೋತ 1565ರ ಯುದ್ಧ, ಹಂಪಿ ಹಾಳಾಗಿದ್ದು, ಅರಸರು ಹೋದರೆ ಅವರನ್ನು ನಂಬಿದ ಕೈಕೆಲಸದವರ ಗತಿ ಏನು ಅನ್ನುವುದು, ಎಲ್ಲವೂ ಆ ಒಂದು ಪ್ರಶ್ನೆಯೊಳಗಿದೆ. ನನ್ನ ಪ್ರಿಂಟ್ ನೋಡಿ ಯಾವ ಮಗುವೂ ಅದನ್ನು ಕೇಳಿಲ್ಲ.

ಮನೆಗೆ ಬಂದ ಮೇಲೆ ಇನ್ನೊಂದಾಯಿತು. ಅವಳ ಪುಸ್ತಕದಲ್ಲಿ ಈಜಿಪ್ಟಿನ ಪಾಠ ಇತ್ತು. ಮಮ್ಮಿ, ಅಂದರೆ ಕೆಡದಂತೆ ಕಾಪಿಟ್ಟ ಹೆಣ, ಇಡುವ ಪೆಟ್ಟಿಗೆ ಹೇಗೆ ಮಾಡುತ್ತಿದ್ದರು ಅಂತ ಇಬ್ಬರೂ ಮೊಬೈಲಿನಲ್ಲಿ ನೋಡಿದೆವು. ಮರ, ಅದರ ಮೇಲೆ ನಾರುಬಟ್ಟೆ, ಅಂಟು ಬೆರೆಸಿದ ಬಿಳಿ ಲೇಪ, ಆಮೇಲೆ ಬಣ್ಣ. ‘ಪಪ್ಪಾ, ಇದು ಕಿನ್ನಾಳದ್ದೇ ಅಲ್ವಾ?’ ಯಾರು ಯಾರಿಂದ ಕಲಿತರು ಅಂತ ನಾನು ಹೇಳಲು ಹೋಗುವುದಿಲ್ಲ, ಹೋದರೆ ಅದು ವಾಟ್ಸಾಪ್ ಇತಿಹಾಸ ಆಗುತ್ತದೆ. ಆದರೆ ಮರಕ್ಕೆ ಬಣ್ಣ ಗಟ್ಟಿಯಾಗಿ ನಿಲ್ಲಬೇಕು ಅನ್ನುವ ತಾಪತ್ರಯ ನೈಲ್ ದಂಡೆಯವರಿಗೂ ತುಂಗಭದ್ರೆ ದಂಡೆಯವರಿಗೂ ಒಂದೇ ಇತ್ತು. ಬಟ್ಟೆ ಮೆತ್ತಿದ ಕೈಗೆ ಅದು ತಟ್ಟನೆ ತಿಳಿಯಿತು.

ನಮ್ಮ ಲಂಬಾಣಿ ತಾಂಡಾಗಳ ಕಸೂತಿಯನ್ನೇ ತೆಗೆದುಕೊಳ್ಳಿ. ಕನ್ನಡಿ ಚೂರಿನ ಜೊತೆ ಕವಡೆ ಹೊಲಿದಿರುತ್ತಾರೆ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಅಂತ ನಾವು ದಿನಾ ಬೈಯುತ್ತೇವೆ. ಆ ಕವಡೆ ಒಂದು ಕಾಲಕ್ಕೆ ನಿಜವಾಗಲೂ ದುಡ್ಡು. ಮಾಲ್ಡೀವ್ಸ್ ಸಮುದ್ರದಿಂದ ಹಡಗು ಹತ್ತಿ ಬಂಗಾಳಕ್ಕೂ ಹೋಗುತ್ತಿತ್ತು, ಪಶ್ಚಿಮ ಆಫ್ರಿಕಾಕ್ಕೂ ಹೋಗುತ್ತಿತ್ತು. ಅಲ್ಲಿ ಗುಲಾಮರನ್ನು ಕೊಳ್ಳಲೂ ಅದೇ ನಡೆಯಿತು. ಒಂದು ಕವಡೆ ಹೊಲಿಯಲು ಕಲಿಸುವ ಹೊತ್ತಿಗೆ ಇಷ್ಟು ಹೇಳಬಹುದು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಗೆ ಬಂದ ಪರದೇಶದವರಿಗೆ ಸಂಡೂರಿನ ಲಂಬಾಣಿ ಕಸೂತಿ ತೋರಿಸಿ, 1,755 ತುಣುಕುಗಳಿಟ್ಟು ಗಿನ್ನಿಸ್ ದಾಖಲೆ ಮಾಡಿದೆವು. ಒಳ್ಳೆಯದೇ. ನಮ್ಮ ಮಕ್ಕಳ ಕೈಗೆ ಯಾವಾಗ ಸೂಜಿ ಕೊಡುತ್ತೇವೆ?

ನಾನು ಕೇಳುವುದು ದೊಡ್ಡದಲ್ಲ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಅಂತ ಇದೆ. ಮಗಳ ಶಾಲೆಯಲ್ಲಿ ಆ ದಿನ ಅಂತ್ಯಾಕ್ಷರಿ ಆಡಿಸಿ ಬಿಡುತ್ತಾರೆ. ಆ ದಿನಗಳಿಗೆ ಕಿನ್ನಾಳದ ಚಿತ್ರಗಾರರನ್ನು, ತಾಂಡಾದ ಹೆಣ್ಣುಮಕ್ಕಳನ್ನು ಶಾಲೆಗೆ ಕರೆಸಿ. ಶಾಲು, ಹಾರ ಬೇಡ. ಅತಿಥಿ ಶಿಕ್ಷಕರಿಗೆ ಕೊಡುವ ಹಾಗೆ ಗೌರವಧನ ಕೊಡಿ, ಅದೂ ಅವತ್ತೇ ಕೊಡಿ. ಒಂದು ದಿನ ಕೆಲಸ ಬಿಟ್ಟು ಬಂದವರಿಗೆ ಆ ದಿನದ ಗಳಿಕೆ ಇರುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಶಾಲೆಗೆ ಕೋಣೆ ಕಟ್ಟಿಸುತ್ತೀರಿ, ಅದರೊಳಗೆ ಇದಕ್ಕೂ ಒಂದು ಸಣ್ಣ ಪಾಲು ಇಡಿಸಿ. ಇಡೀ ಶಾಲೆಯನ್ನು ಮೈದಾನದಲ್ಲಿ ಕೂರಿಸಿ ಮೈಕ್ ಹಿಡಿಯುವುದು ಬೇಡ, ಒಂದು ಸಲಕ್ಕೆ 20 ಮಕ್ಕಳು ಸಾಕು. ಉಳಿ ಮಕ್ಕಳ ಕೈಗೆ ಬೇಡ. ಅಂಟು, ಬಟ್ಟೆ, ಬಣ್ಣ ಸಾಕು. ಪಕ್ಕದಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ಭೂಪಟ ಹಿಡಿದು ಕೂತಿರಲಿ.

ಇನ್ನೊಂದು ಮಾತು. ದಯವಿಟ್ಟು ಟೆಂಡರ್ ಕರೆದು ಎಲ್ಲಿಂದಲೋ ಪ್ಲಾಸ್ಟಿಕ್ ಕ್ರಾಫ್ಟ್ ಕಿಟ್ ತರಿಸಬೇಡಿ. ಹುಣಸೆ ಬೀಜ ಮಕ್ಕಳೇ ಮನೆಯಿಂದ ತರುತ್ತಾರೆ.

ಮೊದಲ ಶನಿವಾರ ಯಾವ ಶಾಲೆಯಲ್ಲಿ ಅಂತ ತಿಳಿಸಿ. ಅದರ ಸೂಚನಾ ಪತ್ರ ಎಷ್ಟು ಪ್ರತಿ ಬೇಕಾದರೂ ನಮ್ಮ ಅಂಗಡಿಯಲ್ಲಿ ಪುಕ್ಕಟೆ. ಕಲರ್ ಮಾತ್ರ ಬೇಡ ಸಾಹೇಬರೇ, ಇಂಕು ಭಾಳ ದುಬಾರಿ.

ಇಂತಿ,
ಕೊಪ್ಪಳದ ಜೆರಾಕ್ಸ್ ಅಂಗಡಿಯವ