ಭಾನುವಾರದ ಮಾತುಕತೆ: ಲೋನ್ಲಿ ಪ್ಲಾನೆಟ್ ಕೈಪಿಡಿಗಳು

ಎಲ್ಲ ಸದಸ್ಯರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 4 ಗಂಟೆಗೆ ಎಂದಿನಂತೆ ವಾಚನಾಲಯದ ಮಹಡಿಯಲ್ಲಿ ಸೇರೋಣ. ಈ ಬಾರಿ ಲೋನ್ಲಿ ಪ್ಲಾನೆಟ್ ಪ್ರವಾಸ ಕೈಪಿಡಿಗಳ ಕುರಿತು ಚರ್ಚೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1972ರಲ್ಲಿ ಲಂಡನ್ನಿನಿಂದ ಹೊರಟು, ಹೆಚ್ಚಾಗಿ ಭೂಮಾರ್ಗದಲ್ಲೇ ಏಷ್ಯಾ ದಾಟಿ ಆಸ್ಟ್ರೇಲಿಯಾ ತಲುಪಿದರು. ಹೇಗೆ ಬಂದಿರಿ, ಎಷ್ಟು ಖರ್ಚಾಯಿತು ಎಂದು ಕೇಳುವವರು ಹೆಚ್ಚಾದಾಗ, 1973ರಲ್ಲಿ ಸಿಡ್ನಿಯಲ್ಲಿ ತಾವೇ ಒಂದು ತೆಳು ಪುಸ್ತಕ ಅಚ್ಚು ಹಾಕಿಸಿದರು. ಪುಟಗಳಿಗೆ ಪಿನ್ನು ಹೊಡೆದದ್ದೂ ಅವರೇ. ಲೋನ್ಲಿ ಪ್ಲಾನೆಟ್ ಪ್ರಕಾಶನ ಶುರುವಾದದ್ದು ಹೀಗೆ. 1981ರಲ್ಲಿ ಬಂದ ಭಾರತದ ಸಂಪುಟ ಆ ಪುಟ್ಟ ಪ್ರಕಾಶನವನ್ನು ಗಟ್ಟಿಯಾಗಿ ನಿಲ್ಲಿಸಿತು. 2007ರಲ್ಲಿ ಬಿಬಿಸಿಯ ವಾಣಿಜ್ಯ ವಿಭಾಗ ಅದರ ಬಹುಪಾಲನ್ನು ಕೊಂಡು, 2013ರಲ್ಲಿ ದೊಡ್ಡ ನಷ್ಟಕ್ಕೆ ಮಾರಿತು.

ನನಗೆ ಮುಖ್ಯವೆನಿಸುವುದು ಅದರ ಪ್ರಭಾವ. ಕೈಯಲ್ಲಿ ಹೆಚ್ಚು ಹಣವಿಲ್ಲದವರಿಗೂ ದೂರದೇಶಕ್ಕೆ ಹೋಗುವ ಧೈರ್ಯವನ್ನು ಈ ಪುಸ್ತಕಗಳು ಕೊಟ್ಟವು. ಇದು ಸಣ್ಣ ಮಾತಲ್ಲ. ಆದರೆ ಪುಸ್ತಕದಲ್ಲಿ ಹೆಸರು ಬಂದ ವಸತಿಗೃಹ ತುಂಬಿ ತುಳುಕಿ, ಪಕ್ಕದ್ದು ಖಾಲಿ ಉಳಿಯುವುದು ನ್ಯಾಯವೇ? ಇದನ್ನೇ ಕೂಲಂಕಷವಾಗಿ ಚರ್ಚಿಸಬೇಕೆಂದು ಆಸೆ.

ಹಳೆಯ ಆವೃತ್ತಿ ಇರುವವರು ದಯವಿಟ್ಟು ತನ್ನಿ, ಹರಿದಿದ್ದರೂ ಸರಿ. ಅದರಲ್ಲಿ ಕರ್ನಾಟಕದ ಪುಟಗಳಿಗೆ ಗುರುತಿಟ್ಟುಕೊಂಡು ಬನ್ನಿ. ಹೋಂಸ್ಟೇ ಅಥವಾ ಲಾಡ್ಜ್ ನಡೆಸುವ ಸದಸ್ಯರು ಮೊದಲು ಮಾತನಾಡಲಿ. ಅವರ ಅನುಭವ ನಮಗೆ ಬೇಕು.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಹೆಸರು ತಿಳಿಸಿ. ಕುರ್ಚಿ, ಕಾಫಿಯ ವ್ಯವಸ್ಥೆ ಅದರ ಮೇಲೆ ಆಗಬೇಕು.