ಒತ್ತಕ್ಷರಕ್ಕೂ ಜಾಗ ಸಿಕ್ಕಿತು

ಉಡುಪಿ
ಆಟಿ ತಿಂಗಳು

ಪ್ರೀತಿಯ ಮಗಳೇ,

"ಮದುವೆ ಕಾಗದ ಮಾಡಲಿಕ್ಕೆ ಅಷ್ಟು ದುಡ್ಡಿನ ಸ್ಕ್ರೀನು ಬೇಕಿತ್ತಾ ಅಮ್ಮ? ಫುಲ್ ಎಚ್‌ಡಿ ಸಾಕಿತ್ತಲ್ಲ?" ಎಂದು ನೀನು ಫೋನಿನಲ್ಲಿ ಕೇಳಿದಾಗ ಎದುರಿಗೆ ಜೆರಾಕ್ಸಿಗೆ ಬಂದವರು ನಿಂತಿದ್ದರು. ಸರಿಯಾಗಿ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಈಗ ಆಟಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಯಕ್ಷಗಾನ ಮೇಳಗಳೆಲ್ಲ ತಿರುಗಾಟ ಮುಗಿಸುವ ಪತ್ತನಾಜೆಗೇ ಗೆಜ್ಜೆ ಬಿಚ್ಚಿದ್ದರಿಂದ ಆಟದ ಹ್ಯಾಂಡ್‌ಬಿಲ್ಲೂ ಇಲ್ಲ. ಮಳೆ ನಿಲ್ಲುವ ಲಕ್ಷಣವಂತೂ ಇಲ್ಲವೇ ಇಲ್ಲ. ಅದಕ್ಕೇ ಆ ಹೊಸ ಲ್ಯಾಪ್‌ಟಾಪಿನಲ್ಲೇ ಕೂತು ನಿನಗೆ ಬರೆಯುತ್ತಿದ್ದೇನೆ.

ಪ್ರೊಸೆಸರ್, ರ್‍ಯಾಮ್ ಇತ್ಯಾದಿ ನಿನಗೇ ನನಗಿಂತ ಚೆನ್ನಾಗಿ ಗೊತ್ತು, ಅದನ್ನು ಬಿಡುತ್ತೇನೆ. ಪರದೆಯ ವಿಷಯ ಮಾತ್ರ ಹೇಳುತ್ತೇನೆ. 14 ಇಂಚು, 2880×1800 ಚುಕ್ಕೆ, ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿ. ಅಂಗಡಿಯ ಹಳೆಯದು 15.6 ಇಂಚಿನದ್ದು, 1366×768. ಗುಣಿಸಿ ನೋಡಿದರೆ ಅದರಲ್ಲಿ ಹತ್ತೂವರೆ ಲಕ್ಷದಷ್ಟು ಚುಕ್ಕೆ, ಇದರಲ್ಲಿ 51 ಲಕ್ಷ ದಾಟುತ್ತದೆ. ಅದೂ ಇನ್ನೂ ಸಣ್ಣ ಜಾಗದಲ್ಲಿ. ಇಂಚಿನ ಲೆಕ್ಕ ಹಿಡಿದರೆ ಅಲ್ಲಿ 100, ಇಲ್ಲಿ 240ರ ಮೇಲೆ.

ಅಪ್ಪ ಮೊದಲು ಒಂದು ಹಳೇ ಯಕ್ಷಗಾನದ ವಿಡಿಯೋ ಹಾಕಿಸಿಕೊಂಡು ನೋಡಿದರು. ಯಾರೋ ದೂರದಲ್ಲಿ ಕೂತು ತೆಗೆದದ್ದು. ಪರದೆ ಎಷ್ಟು ಒಳ್ಳೆಯದಾದರೆ ಎಂತ, ಬಣ್ಣದ ವೇಷ ಮಸುಕೇ. "ಇದಕ್ಕಿಂತ ನಮ್ಮ ಟಿವಿಯೇ ಆದೀತು" ಎಂದು ಎದ್ದು ಹೋದರು. ಅವರ ಪರೀಕ್ಷೆ ಅಲ್ಲಿಗೆ ಮುಗಿಯಿತು.

ನನ್ನ ಪರೀಕ್ಷೆ ಬೇರೆ ಇತ್ತು. ಹಳೇ ಮದುವೆ ಕಾಗದದ ಫೈಲೊಂದನ್ನು ತೆರೆದು, ಹಿಗ್ಗಿಸದೆ, ಕಾಗದ ಎಷ್ಟು ದೊಡ್ಡದೋ ಅಷ್ಟೇ ಗಾತ್ರದಲ್ಲಿ ಇಟ್ಟೆ. ಕೆಳಗೆ 11 ಪಾಯಿಂಟಿನಲ್ಲಿ ಬಂಧುಗಳ ಹೆಸರಿನ ಸಾಲು ಇರುತ್ತದಲ್ಲ, ಅಲ್ಲಿ ಕಣ್ಣು ಹಾಕಿದೆ. ಶ್ರೀಧರ, ಸುಧಾ, ಮಾಧವ, ವಸುಂಧರಾ. ಎಲ್ಲ ಧಕಾರದ ಹೊಟ್ಟೆಯ ಅಡಿಯ ಸೀಳೂ ಸ್ಪಷ್ಟವಾಗಿ ಕಾಣುತ್ತಿತ್ತು. ಕನ್ನಡಕ ಹಣೆಗೆ ಏರಿಸಿ, ಮತ್ತೆ ಇಳಿಸಿ ನೋಡಿದೆ. ಹೌದು, ಕಾಣುತ್ತಿತ್ತು.

ನಿನಗೆ ಇದು ನಗು ಬರುವ ವಿಷಯ ಆಗಿರಬಹುದು. ಆದರೆ ಈ ಕೆಲಸದಲ್ಲಿ ನನ್ನ ಕಣ್ಣು ಹೋದದ್ದೇ ಆ ಸೀಳು ಹುಡುಕಿ ಮಾರಾಯ್ತಿ. ದ ಮತ್ತು ಧ, ಡ ಮತ್ತು ಢ, ಇವುಗಳ ನಡುವೆ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು. ಥದಲ್ಲಿ ಒಳಗೊಂದು ಚುಕ್ಕೆ. ಹಳೇ ಪರದೆಯಲ್ಲಿ 11 ಪಾಯಿಂಟಿನ ಒಂದು ಅಕ್ಷರಕ್ಕೆ ಮೇಲಿನಿಂದ ಕೆಳಗಿನವರೆಗೆ ಸಿಗುತ್ತಿದ್ದದ್ದು ಸುಮಾರು 15 ಸಾಲು ಚುಕ್ಕೆ. ಅಷ್ಟರೊಳಗೆ ತಲೆಕಟ್ಟು ಬರಬೇಕು, ಗುಡಿಸು ಬರಬೇಕು, ಮೈ ಬರಬೇಕು, ಕೆಳಗೆ ಒತ್ತೂ ಬರಬೇಕು. ಇಂಗ್ಲಿಷಿನ ಎ, ಬಿ, ಸಿಗೆ ಅಷ್ಟು ಜಾಗ ಧಾರಾಳ ಸಾಕು. ನಮ್ಮ "ರಾಷ್ಟ್ರ"ಕ್ಕೆ ಎಲ್ಲಿ ಸಾಕು? ಷಕಾರದ ಕೆಳಗೆ ಟ, ಅದರ ಜೊತೆಗೆ ರಕಾರದ ಒತ್ತು. 15 ಸಾಲಿನಲ್ಲಿ ಆ ಎರಡು ಒತ್ತು ಸೇರಿ ಒಂದು ಕರಿ ಮುದ್ದೆ ಆಗುತ್ತಿತ್ತು. ಹಾಗಾಗಿ 200 ಪರ್ಸೆಂಟಿಗೆ ಹಿಗ್ಗಿಸುವುದು, ಓದುವುದು, ಮತ್ತೆ ಕುಗ್ಗಿಸುವುದು. ಅಷ್ಟಾದರೂ ಧೈರ್ಯ ಸಾಲದೆ ಒಂದು ಪ್ರಿಂಟೌಟ್ ತೆಗೆದು ಪೆನ್ನು ಹಿಡಿದು ಕೂರುವುದು. ಮದುಮಗಳ ಹೆಸರಿನಲ್ಲಿ ಮಹಾಪ್ರಾಣ ತಪ್ಪಿದರೆ ಕಾಗದ ಅಷ್ಟೂ ಮರುಮುದ್ರಣ, ಮೇಲಿನಿಂದ ಅವರ ಸೋದರಮಾವನ ಬಾಯಿ ಬೇರೆ.

ಹೊಸದರಲ್ಲಿ ವಿಂಡೋಸಿನ ಸ್ಕೇಲಿಂಗ್, ಅಂದರೆ ಎಲ್ಲವನ್ನೂ ಹಿಗ್ಗಿಸಿ ತೋರಿಸುವ ಅಳತೆ, ಎರಡು ಪಟ್ಟು ಇಟ್ಟರೆ ಅದೇ 11 ಪಾಯಿಂಟಿಗೆ 29 ಸಾಲು ಸಿಗುತ್ತದೆ. ನೀನು ಹೇಳಿದ ಫುಲ್ ಎಚ್‌ಡಿಯಲ್ಲಿ (1920×1080), 14 ಇಂಚಿನಲ್ಲಿ ಸ್ಕೇಲಿಂಗ್ ಒಂದೂವರೆ ಪಟ್ಟು ಇಟ್ಟುಕೊಂಡರೆ 22. ಅಂದರೆ ನೀನು ಹೇಳಿದ್ದರಲ್ಲಿಯೂ ಅರ್ಧ ಸತ್ಯ ಉಂಟು, ಹಳೆಯದಕ್ಕಿಂತ ಅದು ಎಷ್ಟೋ ಮೇಲು. ಆದರೆ ಒತ್ತಿನ ಕೆಳಗಿನ ಒತ್ತು ಬಿಡಿಸಿ ಕಾಣಬೇಕಾದರೆ ಆ ಉಳಿದ ಏಳು ಸಾಲು ಬೇಕು. ನಾನು ದುಡ್ಡು ಕೊಟ್ಟದ್ದು ಆ ಏಳು ಸಾಲಿಗೆ.

ಒಂದು ವಿಷಯ ಯಾರೂ ಹೇಳುವುದಿಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ಕ್ಲಿಯರ್‌ಟೈಪ್ ಎಂಬುದು ಅದರ ಜೊತೆಗೇ ಬಂತು. ಎಲ್‌ಸಿಡಿ ಪರದೆಯ ಒಂದೊಂದು ಚುಕ್ಕೆಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿ ಅಕ್ಕಪಕ್ಕ ನಿಂತು ಆದದ್ದು. ಆ ಮೂರನ್ನು ಬೇರೆಬೇರೆಯಾಗಿ ಬೆಳಗಿಸಿ ಅಕ್ಷರದ ಅಂಚು ನಯ ಮಾಡುವುದು ಅದರ ಉಪಾಯ. ಒಳ್ಳೆಯ ಉಪಾಯವೇ. ಆದರೆ ಪಟ್ಟಿಗಳು ನಿಂತಿರುವುದು ಅಡ್ಡಸಾಲಿನಲ್ಲಿ, ಲಾಭ ಸಿಕ್ಕಿದ್ದೂ ಅಗಲಕ್ಕೆ ಮಾತ್ರ. ಕನ್ನಡಕ್ಕೆ ಕೊರತೆ ಇದ್ದದ್ದು ಎತ್ತರದಲ್ಲಿ. ನಮ್ಮ ಅಕ್ಷರ ಬೆಳೆಯುವುದೇ ಕೆಳಮುಖವಾಗಿ. ಇಷ್ಟು ವರ್ಷ ಪರದೆಗಳು ನಯವಾಗುತ್ತಾ ಬಂದರೂ ನಮ್ಮ ಒತ್ತಕ್ಷರ ಮಾತ್ರ ಸುಧಾರಿಸಲಿಲ್ಲ ಎಂದು ನನಗೆ ಕಂಡದ್ದು ಸುಮ್ಮನೆ ಅಲ್ಲ. ಎತ್ತರದಲ್ಲಿ ಚುಕ್ಕೆ ಹೆಚ್ಚಾಗದೆ ಅದಕ್ಕೆ ಬೇರೆ ಮದ್ದು ಇರಲಿಲ್ಲ.

ನಿನ್ನ ಅಜ್ಜ ಇದ್ದಿದ್ದರೆ ಇದನ್ನೆಲ್ಲ ಕೇಳಿ "ಇದೆಂತ ದೊಡ್ಡ ಸಂಗತಿ" ಅನ್ನುತ್ತಿದ್ದರು. ಅವರು ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿದವರು. ಸೀಸದ ಧಕಾರದಲ್ಲಿ ಸೀಳು ಎಂದೂ ಮುಚ್ಚಿ ಹೋಗುತ್ತಿರಲಿಲ್ಲ, ಮೊಳೆ ಸವೆದ ಹೊರತು. ಒತ್ತಿಗೆ ಬೇರೆಯೇ ಮೊಳೆ, ಅದಕ್ಕೆ ಬೇರೆಯೇ ಮನೆ. ಅಕ್ಷರ ತಲೆಕೆಳಗಾಗಿ, ಎಡಬಲ ತಿರುಗಿ ನಿಂತಿದ್ದರೂ ಅವರು ಬೆರಳಿನಲ್ಲೇ ಗುರುತು ಹಿಡಿಯುತ್ತಿದ್ದರು. ಯೋಚಿಸಿ ನೋಡು, ನಮ್ಮ ಕರಾವಳಿಯಲ್ಲಿ ಕನ್ನಡ ಅಚ್ಚು ಎಷ್ಟು ಹಳೆಯದು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯ ಶುರು ಮಾಡಿದ್ದು 1841ರಲ್ಲಿ. ಎರಡು ವರ್ಷ ಕಳೆದು, 1843ರ ಜುಲೈ 1ಕ್ಕೆ ಅದೇ ಮಿಷನ್ನಿನ ಮೋಗ್ಲಿಂಗ್ "ಮಂಗಳೂರ ಸಮಾಚಾರ" ಪತ್ರಿಕೆ ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬಂತು. ಕಲ್ಲಿನ ಮೇಲೆ ಬರೆದ ಕೈಬರಹ. ಕಿಟ್ಟೆಲ್ ನಿಘಂಟು 1894ರಲ್ಲಿ ಅದೇ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದ.

ಆ ನಿಘಂಟಿನ ಸ್ಕ್ಯಾನ್ ಪ್ರತಿ ನನ್ನ ಹತ್ತಿರ ಎಷ್ಟೋ ವರ್ಷದಿಂದ ಇತ್ತು. ಹಳೇ ಪರದೆಯಲ್ಲಿ ಒಂದು ಪುಟದ ಕಾಲು ಭಾಗ ಮಾತ್ರ ಓದಬಹುದಿತ್ತು. ಆಚೆ ಎಳೆ, ಈಚೆ ಎಳೆ, ಅಷ್ಟರಲ್ಲಿ ಹುಡುಕುತ್ತಿದ್ದ ಪದವೇ ಮರೆತುಹೋಗುತ್ತಿತ್ತು. ಮೊನ್ನೆ ಇದರಲ್ಲಿ ತೆರೆದರೆ ಪುಟದ ಅಗಲ ಇಡೀ ಒಮ್ಮೆಗೇ ಓದಲಿಕ್ಕೆ ಬರುತ್ತದೆ. ಆ ಸಣ್ಣ ಅಕ್ಷರದ ಒತ್ತುಗಳು ಸಮೇತ. ಶಾಯಿ ಎಲ್ಲಿ ಹೆಚ್ಚು ಕುಡಿದಿದೆ, ಎಲ್ಲಿ ಮೊಳೆಯ ಅಂಚು ಮುರಿದಿದೆ ಎಂದು ಕೂಡ ಗೊತ್ತಾಗುತ್ತದೆ. ಅನ್ನ ಬಾಗಿಸುವುದು ಬಿಟ್ಟು ಅದರಲ್ಲೇ ಕೂತಿದ್ದೆ. 130 ವರ್ಷ ಹಿಂದಿನ ಕಂಪೋಸಿಟರ್‌ಗಳ ಕೆಲಸ ನೋಡಲಿಕ್ಕೆ ನಮ್ಮ ಪರದೆಗಳಿಗೆ ಈಗ ಯೋಗ್ಯತೆ ಬಂತು.

ನಾನು ಕೆಲಸಕ್ಕೆ ಸೇರಿದಾಗ ಇದ್ದ ಡಬ್ಬ ಮಾನಿಟರ್ 14 ಇಂಚಿನದ್ದು, 640×480. ಇಂಚಿಗೆ 60ರ ಆಸುಪಾಸು ಚುಕ್ಕೆ. ಅಷ್ಟರಲ್ಲಿ ಕನ್ನಡ ಕಾಣಿಸುವುದೇ ಒಂದು ಸಾಹಸ. ಅಂಥ ಕಾಲದಲ್ಲಿ ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಕನ್ನಡಕ್ಕೆ ತಂತ್ರಾಂಶ ಬರೆದರು, ಅದಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು. "ನುಡಿ" ತಂತ್ರಾಂಶದಲ್ಲಿ ನಾನು ಕಣ್ಣು ಮುಚ್ಚಿಕೊಂಡು ಒತ್ತುವ ಕೀಲಿಮಣೆಯ ಕ್ರಮವೂ ಅವರದ್ದೇ. ಬೆರಳಿಗೆ ಬೇಕಾದ್ದು ಆಗಲೇ ಸಿಕ್ಕಿತ್ತು, ಕಣ್ಣಿಗೆ ಬೇಕಾದ್ದು ಸಿಗಲಿಕ್ಕೆ ಇಷ್ಟು ತಡ ಆಯ್ತು.

ಎಲ್ಲವೂ ಚಂದ ಅಂತ ಎಣಿಸಬೇಡ. 51 ಲಕ್ಷ ಚುಕ್ಕೆ ಎಂದರೆ ಐದು ಪಟ್ಟು ಜಾಸ್ತಿ ಪುಟ ಕಾಣುತ್ತದೆ ಎಂದು ಪಕ್ಕದ ಅಂಗಡಿಯವರು ತಿಳಿದಿದ್ದರು. ಹಾಗಲ್ಲ. 200 ಪರ್ಸೆಂಟ್ ಸ್ಕೇಲಿಂಗ್ ಇಟ್ಟರೆ ಜಾಗ 1440×900ರಷ್ಟೇ. ಮೊದಲು ಒಂದು ಚುಕ್ಕೆ ಇದ್ದಲ್ಲಿ ಈಗ ನಾಲ್ಕು ಕೂತಿರುತ್ತವೆ, ಅಷ್ಟೇ. ಸ್ಕೇಲಿಂಗ್ ತೆಗೆದುಬಿಟ್ಟರೆ ಜಾಗವೇನೋ ಸಿಗುತ್ತದೆ, ಮೆನುವಿನ ಅಕ್ಷರ ಇರುವೆಯಷ್ಟು ಆಗುತ್ತದೆ. ನಮ್ಮ ಹಳೇ ಲೇಔಟ್ ತಂತ್ರಾಂಶ ಉಂಟಲ್ಲ, ಅದಕ್ಕೆ ಈ ಹೊಸ ಪರದೆಗಳ ಸುದ್ದಿಯೇ ಗೊತ್ತಿಲ್ಲ. ಅದು ತನ್ನ ಚಿತ್ರವನ್ನು ಹಳೇ ಅಳತೆಗೇ ಬಿಡಿಸುತ್ತದೆ, ವಿಂಡೋಸ್ ಅದನ್ನು ಎಳೆದು ಎರಡು ಪಟ್ಟು ಮಾಡಿ ತೋರಿಸುತ್ತದೆ. ಫಲಿತಾಂಶ ಮಂಜು ಮಂಜು. ಪ್ರಾಪರ್ಟೀಸಿನಲ್ಲಿ ಹೋಗಿ ಆ ಎಳೆಯುವಿಕೆಯನ್ನು ನಿಲ್ಲಿಸಿದರೆ ಅಕ್ಷರ ಚೂಪಾಗುತ್ತದೆ, ಬಟನ್‌ಗಳು ಮಾತ್ರ ಸಾಸಿವೆಕಾಳು. ಹೊಸ ಕೆಲಸವೆಲ್ಲ ಇದರಲ್ಲಿ, ಹಳೇ ಫೈಲುಗಳಿಗೆ ಹಳೇ ಕಂಪ್ಯೂಟರ್ ಎಂದು ತೀರ್ಮಾನ ಮಾಡಿದ್ದೇನೆ. ಅದನ್ನು ಮಾರುವ ಮಾತು ನೀನು ಎತ್ತಬೇಡ.

ಫೋಟೋ ವಿಷಯ ಬೇರೆ ಉಂಟು. ಉತ್ತರಕ್ರಿಯೆಯ ಕಾಗದಕ್ಕೆ ಬರುವವರು ವಾಟ್ಸಾಪಿನಲ್ಲಿ ಒಂದು ಗುಂಪು ಫೋಟೋ ಕಳಿಸಿ, "ಎಡದಿಂದ ಮೂರನೆಯವರು ನಮ್ಮ ತಂದೆ, ಅವರನ್ನು ಮಾತ್ರ ತೆಗೆದುಕೊಳ್ಳಿ" ಅನ್ನುತ್ತಾರೆ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಉದ್ದಕ್ಕೆ ಸುಮಾರು 1600 ಚುಕ್ಕೆಗೆ ಇಳಿಸಿರುತ್ತದೆ. ಆ ತಂದೆಯವರ ಮುಖಕ್ಕೆ ಸಿಗುವುದು 200 ಚುಕ್ಕೆ. ಇಂಚಿಗೆ 100 ಇರುವ ಪರದೆಯಲ್ಲಿ ಅದು ಎರಡು ಇಂಚಿನ ಚಂದದ ಮುಖ. ಆಫ್‌ಸೆಟ್ಟಿಗೆ ಇಂಚಿಗೆ 300 ಬೇಕು, ಅಲ್ಲಿ 600 ಇರಬೇಕಾದಲ್ಲಿ 200 ಇಟ್ಟರೆ ಮುಖ ಬರುವುದು ಕಲಸಿದ ಹಾಗೆ. ಗಿರಾಕಿಗೆ ಇದನ್ನು ಬಾಯಲ್ಲಿ ಹೇಳಿದರೆ "ಇಲ್ಲಿ ಸರಿ ಉಂಟಲ್ಲ ಅಕ್ಕ" ಎಂದು ನನ್ನ ಸ್ಕ್ರೀನನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಈಗ ಕುರ್ಚಿ ಎಳೆದು ಕೂರಿಸಿ ಅದೇ ಅಳತೆಯಲ್ಲಿ ತೋರಿಸುತ್ತೇನೆ. ಮಸುಕು ಅವರಿಗೇ ಕಾಣುತ್ತದೆ. ಮನೆಗೆ ಹೋಗಿ ಆಲ್ಬಮ್ಮಿನಿಂದ ಫೋಟೋ ತರುತ್ತಾರೆ, ನಾನು ಸ್ಕ್ಯಾನ್ ಮಾಡಿಕೊಳ್ಳುತ್ತೇನೆ. ಇದೊಂದೇ ಕಾರಣಕ್ಕೆ ಈ ಪರದೆ ತನ್ನ ದುಡ್ಡು ದುಡಿಯಲಿಕ್ಕೆ ಶುರು ಮಾಡಿದೆ.

ಬಣ್ಣದಲ್ಲಿ ಮಾತ್ರ ಇದನ್ನು ನಂಬಲಿಕ್ಕಿಲ್ಲ. ಓಎಲ್‌ಇಡಿಯ ಕೆಂಪು ಎಂದರೆ ಎಂಥ ಕೆಂಪು! ಕರ್ನಾಟಕದ ಯಾವ ಆಫ್‌ಸೆಟ್ ಯಂತ್ರವೂ ನಾಲ್ಕು ಬಣ್ಣದ ಶಾಯಿಯಲ್ಲಿ ಅಂಥ ಕುಂಕುಮ ಕೊಡಲಾರದು. ಕಪ್ಪೂ ಹಾಗೆಯೇ. ಅಲ್ಲಿ ಚುಕ್ಕೆ ಪೂರ್ತಿ ಆರಿಯೇ ಹೋಗಿರುತ್ತದೆ, ಕಾಗದದ ಮೇಲಿನ ಕಪ್ಪು ಅಷ್ಟು ಕಪ್ಪಾಗಿ ಎಂದೂ ಬರುವುದಿಲ್ಲ. ಹಾಗಾಗಿ ಬಣ್ಣದ ಅಬ್ಬರ ಇಳಿಸುವ ಎಸ್‌ಆರ್‌ಜಿಬಿ ಎಂಬ ಸೆಟ್ಟಿಂಗಿಗೆ ಹಾಕಿಟ್ಟು, ಬಣ್ಣ ತೀರ್ಮಾನಕ್ಕೆ ಈಗಲೂ ಪ್ರೆಸ್ಸಿನಿಂದ ತಂದ ಹಳೇ ಕಾಗದದ ಕಟ್ಟನ್ನೇ ಮುಂದಿಡುತ್ತೇನೆ. ಒಂದೇ ಚಿತ್ರ ದಿನವಿಡೀ ಒಂದೇ ಕಡೆ ನಿಂತರೆ ಇಂಥ ಪರದೆಯಲ್ಲಿ ಅದರ ನೆರಳು ಉಳಿದುಬಿಡಬಹುದು, ಅದಕ್ಕೆ ಟಾಸ್ಕ್‌ಬಾರ್ ಅಡಗಿಸಿಟ್ಟಿದ್ದೇನೆ. ಪರದೆ ಗಾಜಿನ ಹಾಗೆ ಹೊಳೆಯುವುದರಿಂದ ಮಧ್ಯಾಹ್ನ ಬಾಗಿಲ ಕಡೆ ಬೆನ್ನು ಹಾಕಿ ಕೂತರೆ ಹೆಸರಿಗಿಂತ ಮೊದಲು ರಸ್ತೆಯ ಬಸ್ಸು ಕಾಣುತ್ತದೆ. ಮೇಜು ತಿರುಗಿಸಿಟ್ಟೆ. ಕರೆಂಟು ಹೋದಾಗ ಬ್ಯಾಟರಿ ಕಂಪನಿ ಹೇಳಿದಷ್ಟು ಹೊತ್ತು ಬರುವುದಿಲ್ಲ. ಅದನ್ನು ನಾನು ನಂಬಿಯೂ ಇರಲಿಲ್ಲ.

ಇನ್ನು ನಿನ್ನ ವಿಷಯ. ಮುಂದಿನ ವರ್ಷ ನೀನೂ ಹೊಸದು ತೆಗೆದುಕೊಳ್ಳುತ್ತೇನೆ ಅಂದೆಯಲ್ಲ. ಅಮ್ಮನದ್ದು ನೋಡಿ ಇಂಥದ್ದೇ ಬೇಕು ಎಂದು ಹೊರಡಬೇಡ. ನಿನ್ನ ಕೆಲಸ ಪೂರ್ತಿ ಅಂಕಿ, ಕೋಷ್ಟಕ, ಇಂಗ್ಲಿಷು. ನಿನಗೆ ಫುಲ್ ಎಚ್‌ಡಿ ಸಾಕು, ಉಳಿದ ದುಡ್ಡು ರ್‍ಯಾಮಿಗೆ ಹಾಕು. ರಾತ್ರಿ ಮಲಗಿ ಕನ್ನಡ ಕಾದಂಬರಿ ಓದುವ ಅಭ್ಯಾಸ ಮತ್ತೆ ಶುರು ಮಾಡಿದ್ದರೆ ಹೇಳು, ಆಗ ಬೇರೆ ಮಾತು.

ಚೌತಿಗೆ ಬರುವಾಗ ಒಂದು ಟೈಪ್-ಸಿ ಹಬ್ ತೆಗೆದುಕೊಂಡು ಬಾ. ಇದರಲ್ಲಿ ಪೆನ್‌ಡ್ರೈವ್ ಹಾಕುವ ತೂತೇ ಇಲ್ಲ, ಪ್ರೆಸ್ಸಿನವರು ಪೆನ್‌ಡ್ರೈವ್ ಬಿಟ್ಟರೆ ಬೇರೆ ಏನನ್ನೂ ಒಪ್ಪುವುದಿಲ್ಲ. ಸಣ್ಣತ್ತೆಯ ಮನೆಯ ಕಾಗದ ಚೌತಿ ಕಳೆದ ಕೂಡಲೇ ಅಚ್ಚಿಗೆ ಹೋಗಬೇಕು. ನಿನ್ನ ಫೋನಿನಲ್ಲಿರುವ ನಿಶ್ಚಿತಾರ್ಥದ ಫೋಟೋಗಳನ್ನು ಅದಕ್ಕಿಂತ ಮೊದಲು ಕಳಿಸು. ಡಾಕ್ಯುಮೆಂಟ್ ಆಗಿ ಕಳಿಸು, ಫೋಟೋ ಆಗಿ ಅಲ್ಲ.

ಇಂತಿ,
ನಿನ್ನ ಅಮ್ಮ